ಒಡಿಯಾಕ ಒಯ್ದ ಬಳಿ

ಬನಹಟ್ಟಿ

ಜರ್ಮನಿಗೆ ಹೋಗಿ ಬಂದಾಗಿನಿಂದ ಓಣಿಯ ಹೆಂಗಸರು ನಮ್ಮ ಕಟ್ಟಿ ಬಿಡವಲ್ಲರು. "ವಿಮಾನದಾಗ ಹೊಟ್ಟಿ ತೊಳಸಿತೇನಬೇ? ಅಲ್ಲಿ ಮಂದಿ ಏನ ತಿಂತಾರ?" ಅಂತ ಕೇಳತಾರ. ಯಾಕ ಹೋಗಿದ್ದಿ ಅಂತ ಮಾತ್ರ ಯಾರೂ ಕೇಳೂದಿಲ್ಲ, ಯಾಕಂದ್ರ ಅದು ಎಲ್ಲಾರಿಗೂ ಗೊತ್ತು. ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯತೈತಿ, ಅದಕ್ಕ ಬರದು ಬಿಡತೇನಿ. ಮೂರನೇ ಇಯತ್ತೆಗೆ ಸಾಲಿ ಬಿಟ್ಟಾಕಿ ನಾನು. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ವಯಸ್ಸಿನ್ಯಾಗ ನಾನು ಮಗ್ಗದ ಮನಿಯೊಳಗ ನೂಲಿನ ಕಂಡಿಕಿ ಸುತ್ತಿದೆ. ಗಂಡ ಹೋದ ಮ್ಯಾಲ ಇನ್ನೊಂದು ಕೆಲಸ ಬೆನ್ನಿಗೆ ಬಿತ್ತು. ಬನಹಟ್ಟಿ, ರಬಕವಿ ಕಡೆ ನಮ್ಮ ಮಂದ್ಯಾಗ ಯಾರ ಗಂಡ ಸತ್ತರೂ ಆಕಿಯ ಕೈಬಳಿ ಒಡಿಯಾಕ ನನ್ನ ಕರೀತಾರ. ಈ ಕೆಲಸ ಮುತ್ತೈದೆಯರು ಮಾಡಂಗಿಲ್ಲ, ಗಂಡನ್ನ ಕಳಕೊಂಡಾಕಿನ ಮಾಡಬೇಕು. ಮೊದಲು ಎರಡೂ ಕೈತುಂಬ ಹಸಿರು ಗಾಜಿನ ಬಳಿ ಇಡಸೂದು, ಹಣಿಗೆ ಕುಂಕುಮ, ತಲಿಗೆ ಹೂವು. ಕಡೀ ಸಲ. ಆಮ್ಯಾಲ ಒಂದೊಂದು ಕೈ ಹಿಡದು ಬಳಿ ಬಡದು ಒಡಿಯೂದು. ಅರ್ಧಾ ಖಾಲಿ ಕೈ ನಡಿಯೂದಿಲ್ಲ, ತುಂಬಿದ ಕೈನ ಒಡೀಬೇಕು. ಕೆಲವರು ಕೈ ಎಳಕೋತಾರ, ಆವಾಗ ಗಾಜು ತೊಗಲು ಹರೀತೈತಿ. ನಾನು ಗಟ್ಟಿ ಹಿಡೀತೇನಿ. ಅಳೂದಿಲ್ಲ, ಬಯ್ಯೂದಿಲ್ಲ. ಅದಕ್ಕ ನನ್ನನ್ನ ಕರೀತಾರ.

ನನ್ನ ಮಗಳು ಕಸ್ತೂರಿ ಧಾರವಾಡದಾಗ ಹಳೇ ಕಾಲದ ಸಾಮಾನಿನ ವಿದ್ಯಾ ಕಲಿತಾಕಿ. ಆಕಿಯ ಗಂಡ ಪರಶುರಾಮ, ಜಮಖಂಡಿಯ ಹುಡುಗ, ದವಾಖಾನಿಯೊಳಗ ನರ್ಸ್ ಕೆಲಸ. ಆಂವಗ ಜರ್ಮನಿಯ ಕೊಲೋನ್ ಅನ್ನೂ ಊರಾಗ ನೌಕರಿ ಸಿಕ್ಕಿತು, ಆಕಿಗೂ ಅಲ್ಲೇ ಒಂದು ವಸ್ತುಸಂಗ್ರಹಾಲಯದಾಗ ಕೆಲಸ ಸಿಕ್ಕಿತು. ಒಡದ ಹಳೇ ಗಾಜಿನ ಪಾತ್ರಿ ಕೂಡಿಸೂದು ಆಕಿಯ ಕೆಲಸ. ತಾಯಿ ಒಡಿಯಾಕಿ, ಮಗಳು ಕೂಡಸಾಕಿ ಅಂತ ಓಣ್ಯಾಗ ನಗತಿದ್ದರು. ನಾನೂ ನಗತಿದ್ದೆ.

ಹೋದ ಚಳಿಗಾಲದಾಗ ಪರಶುರಾಮ ಸೈಕಲ್ ಮ್ಯಾಲ ಡ್ಯೂಟಿಗೆ ಹೊಂಟಿದ್ದ. ರಸ್ತಾ ಮಂಜುಗಡ್ಡಿ ಕಟ್ಟಿತ್ತು, ಗಾಲಿ ಜಾರಿತು, ಹಿಂದ ಗಾಡಿ ಬಂತು. ಅಷ್ಟ.

ಸುಟ್ಟದ್ದೂ ಅಲ್ಲೇ. ಬೂದಿ ತರಾಕ ಯಾರರ ಹೋಗಬೇಕಾತು. ಜಮಖಂಡಿಯಿಂದ ಬೀಗತಿ ತುಳಸವ್ವ ನಮ್ಮ ಮನಿಗೆ ಬಂದಳು. ಆಕಿಗೆ ಸಕ್ಕರಿ ರೋಗ, ವಿಮಾನ ಹತ್ತಬ್ಯಾಡ ಅಂತ ಡಾಕ್ಟರ್ ಹೇಳಿದ್ದ. ನೀರು ಕೊಟ್ಟರೆ ಕುಡೀಲಿಲ್ಲ.

"ಬೂದಿ ತೊಗೊಂಡು ಬಾ" ಅಂದಳು. "ಆಕಿಯ ಬಳಿ ಒಡದು ಚೂರೂ ತೊಗೊಂಡು ಬಾ. ಎರಡೂ ಕೂಡೇ ಹೊಳಿಗೆ ಬಿಡೂಣು. ಇಲ್ಲಂದ್ರ ನನ್ನ ಮಗಾ ಅಲ್ಲೇ ಅಡ್ಡಾಡಕೋತ ಇರ್ತಾನ."

"ಹೆತ್ತಾಕಿ ಒಡಿಯೂದು ನಮ್ಮ ಪದ್ಧತಿ ಅಲ್ಲ ಬೀಗತೀ. ತಾಯಿನ್ನ ಒಳಗ ಕೂಡ್ರಸ್ತಾರ."

"ಅಲ್ಲಿ ಮತ್ತ್ಯಾರ ಅದಾರ? ಊರಾಗ ಎಲ್ಲಾರದೂ ಒಡದೀ. ನನ್ನವು ಒಡಿಯಾಕ ನಿನ್ನ ಕೈ ನಡಗಲಿಲ್ಲ. ಮಗಳವು ಒಡಿಯಾಕ ಏನಾಗೈತಿ ನಿನಗ?"

ಖರೆ ಮಾತು. ಆಕಿಯವು ನಾನೇ ಒಡದಿದ್ದೆ. ಕೈ ಎಳಕೊಂಡಿದ್ದಳು, ಮಣಿಕಟ್ಟಿನ ಮ್ಯಾಲ ಈಗಲೂ ಗೆರಿ ಐತಿ. ನಾನು ಆಗಲಿ ಅಂದೆ. ಕಲಿತ ಹುಡುಗಿ, ಕಸ್ತೂರಿ ತಾನೇ ಒಲ್ಲೆ ಅಂತಾಳ, ನಾನು ಪಾರಾಗತೇನಿ ಅಂತ ಒಳಗ ಲೆಕ್ಕ ಹಾಕಿದ್ದೆ.

ವಿಮಾನ ಇಳಿದ ಮ್ಯಾಲ

ವೀಸಾ ಬರೂತನಕ ಬ್ಯಾಸಗಿ ಬಂತು. ಸತ್ತಾಂವ ಕಾಯತಾನ, ಕಚೇರಿ ಕಾಯೂದಿಲ್ಲ.

ಬಳಿ ರಬಕವಿ ಪ್ಯಾಟಿಯಾಗ ಕೊಂಡೆ. ಬಳಿಗಾರ ದಾರದಾಗ ಕಟ್ಟಿ, ಕಾಗದ ಸುತ್ತಿ ಕೊಟ್ಟಿದ್ದ. ಆ ಗಂಟು ಚೀಲದಾಗ ಹಿಡೀಲಿಲ್ಲ ಅಂತ ದಾರಾ ಬಿಚ್ಚಿ, ಸಜ್ಜಿ ರೊಟ್ಟಿಯ ನಡಬರಕ ಒಂದೊಂದು ಪದರು ಬಳಿ ಇಟ್ಟೆ. ಕಟಕ್ ರೊಟ್ಟಿ, ಎಳ್ಳು ಹಚ್ಚಿ ತಟ್ಟಿದ್ದು, ಹಲಗಿ ಇದ್ದಂಗ ಇದ್ದುವು. ಬಳಿಗೆ ಅವೇ ಕಾವಲು ಅಂದುಕೊಂಡೆ.

ವಿಮಾನದ ಸುದ್ದಿ ಹೇಳುವಂಥಾದ್ದೇನೂ ಇಲ್ಲ. ಕಾಲು ಬಾತುವು. ಮಗ್ಗಲದಾಗ ಕುಂತಾಂವ ಊಟಕ್ಕ ಮೊದಲು ಒಮ್ಮೆ, ಊಟದ ಮ್ಯಾಲ ಒಮ್ಮೆ ನನಗ ಥ್ಯಾಂಕ್ಯೂ ಅಂದ. ನಾನು ಆಂವಗ ಏನೂ ಮಾಡಿರಲಿಲ್ಲ.

ಇಳದ ಮ್ಯಾಲ ಪೊಲೀಸರಂಥ ಒಬ್ಬಾಂವ ನನ್ನ ಚೀಲ ಬಿಚ್ಚು ಅಂತ ಕೈ ಮಾಡಿದ. ಕೈಗೆ ರಬ್ಬರಿನ ಚೀಲ ಹಾಕ್ಕೊಂಡು ರೊಟ್ಟಿಯ ಗಂಟು ಎತ್ತಿದ. ಒಳಗ ಗಲಗಲ ಅಂತು. ಆ ಚೀಲಾನ ಎಷ್ಟು ಎತ್ತಿ ಒಗದಿದ್ದರೋ ಏನೋ, ಮಹಾಲಿಂಗಪುರದಾಗ ಬೆಲ್ಲದ ಪೆಂಟಿನ ಇದಕಿಂತ ಮೆತ್ತಗ ಇಳಸ್ತಾರ. ರೊಟ್ಟಿನೂ ಚೂರು, ಬಳಿನೂ ಚೂರು.

ಆಂವ ಒಂದು ಹಸಿರು ಚೂರು ಬೆಳಕಿಗೆ ಹಿಡದು ನೋಡಿದ, ಮತ್ತ ನನ್ನ ಮುಖಾ ನೋಡಿದ. ಉಣ್ಣೂ ಅನ್ನದಾಗ ಗಾಜಿನ ಪುಡಿ ಹಾಕಿ ತಂದಾಳ, ಈ ಮುದುಕಿ ಯಾರನ್ನ ಕೊಲ್ಲಾಕ ಬಂದಾಳ ಅಂತ ಆಂವನ ವಿಚಾರ. ಇನ್ನಿಬ್ಬರು ಬಂದರು. ಒಬ್ಬಾಕಿ ನನಗ ಕುರ್ಚಿ ಕೊಟ್ಟಳು, ಆದ್ರ ಪಾಸ್‌ಪೋರ್ಟ್ ಕಸಗೊಂಡಳು. ಚೀಟಿಯೊಳಗಿದ್ದ ಕಸ್ತೂರಿಯ ನಂಬರ್ ತೋರಿಸಿದೆ. ಹೊರಗ ಕಾಯಾಕತ್ತಿದ್ದ ಆಕಿನ್ನ ಒಳಗ ಕರೆತಂದರು.

ಮಗಳನ್ನ ನೋಡಿದೆ. ಮೊದಲು ಕೈನ ನೋಡಿದೆ. ಬರಿಗೈ.

"ಯಾರ ಒಡದ್ರು?" ಅಂದೆ. ಅಷ್ಟು ವರ್ಷದ ಮ್ಯಾಲ ಮಗಳಿಗೆ ಆಡಿದ ಮೊದಲ ಮಾತು ಅದು.

"ಯಾರೂ ಒಡದಿಲ್ಲ ಯವ್ವಾ. ಕೆಲಸದಾಗ ಬಳಿ ಇಡಂಗಿಲ್ಲ. ಹಳೇ ಗಾಜಿಗೆ ತಾಕ್ತೈತಿ. ಐತವಾರ ಅಷ್ಟ ಇಟ್ಕೋತಿದ್ನಿ, ಆಂವ ನೋಡ್ಲಿ ಅಂತ."

ಆಮ್ಯಾಲ ಆ ಮಂದಿಗೆ ಅವರ ಭಾಷಾದಾಗ ಏನೋ ಹೇಳಿದಳು. ರೊಟ್ಟಿ ಕಸದ ಡಬ್ಬಿಗೆ ಹಾಕಿದರು. ಬಳಿಯ ಚೂರು ಒಂದು ಪಾಕೀಟಿನ್ಯಾಗ ಹಾಕಿ ತಿರುಗಿ ಕೊಟ್ಟರು.

ರೈಲಿನಾಗ ಕುಂತ ಮ್ಯಾಲ ಯಾಕ ತಂದಿದ್ದೆ ಅಂತ ಹೇಳಿದೆ. ತುಳಸವ್ವ ಅಂದದ್ದನ್ನೂ ಹೇಳಿದೆ. "ಒಡದು ಹೋದುವಲ್ಲ, ಆತು ಬಿಡು. ಇವನ್ನ ಹಂಗ ಒಯ್ದು ಕೊಡತೇನಿ. ಆಕಿಗೇನ ತಿಳೀತೈತಿ?" ಅಂದೆ.

ಕಸ್ತೂರಿ ಪಾಕೀಟು ತೊಡಿಮ್ಯಾಲ ಇಟ್ಟುಕೊಂಡು ಕಿಡಕಿಯಾಗ ನೋಡಕೋತ ಕುಂತಳು.

ಕೊಲೋನ್

ಊರ ನಡಬರಕ ದೊಡ್ಡ ಹೊಳಿ, ರೈನ್ ಅಂತಾರ. ನಮ್ಮ ಕೃಷ್ಣಾ ಬ್ಯಾಸಗಿಗೆ ಕಲ್ಲು ತೋರಸತಾಳ, ಇದು ದಂಡಿ ಮಟಾ ತುಂಬಿ ಹರೀತಿತ್ತು. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಜಗ್ಗಿಕೊಂಡು ಹೋದಂಗ ಉದ್ದುದ್ದ ಹಡಗ ಹೋಗತಾವ. ದಂಡಿಗೆ ಒಬ್ಬರೂ ಅರಿವಿ ಒಗಿಯೂದಿಲ್ಲ, ದನಾ ಮೈ ತೊಳಿಯೂದಿಲ್ಲ. ಅಷ್ಟು ನೀರು ಸುಮ್ಮನ ಹೋಗತೈತಿ.

ಮಂದಿ ಕೆಟ್ಟವರಲ್ಲ. ಆದ್ರ ಮೆಟ್ಟಲದಾಗ ಎದುರು ಸಿಕ್ಕರೆ ಗೋಡಿಗೆ ಹತ್ತಿ ನಿಂತು ದಾರಿ ಬಿಡತಾರ, ಮೈಗೆ ಮೈ ತಾಕಬಾರದು. ಖಾಲಿ ಬಾಟ್ಲಿ ಒಗಿಯಾಕ ರಸ್ತಾದಾಗ ಡಬ್ಬಿ ಇಟ್ಟಾರ: ಬಿಳೇ ಗಾಜಿಗೆ ಬ್ಯಾರೆ, ಹಸಿರು ಗಾಜಿಗೆ ಬ್ಯಾರೆ, ಕಂದು ಗಾಜಿಗೆ ಬ್ಯಾರೆ. ಐತವಾರ ಒಗಿಯಂಗಿಲ್ಲ, ಒಡಿಯೂ ಸಪ್ಪಳ ಕೇಳಿ ಮಂದಿಗೆ ತ್ರಾಸ ಆಗತೈತಂತ. ಗಾಜಿನ ಜಾತಿ ಇಷ್ಟು ನೋಡೂ ಮಂದಿನ್ನ ನಾನು ಕಂಡಿರಲಿಲ್ಲ.

ಬೂದಿ ಮನ್ಯಾಗ ಇರಲಿಲ್ಲ. ಸತ್ತವರ ಬೂದಿ ಮನ್ಯಾಗ ಇಟ್ಟುಕೊಳ್ಳಾಕ ಅಲ್ಲಿ ಕಾಯ್ದೆ ಬಿಡೂದಿಲ್ಲಂತ. ಹೆಣಾ ಸಾಗಸೂ ಅಂಗಡಿಯವರ ಕಪಾಟಿನ್ಯಾಗ ಪರಶುರಾಮ ಚಳಿಗಾಲದಿಂದ ಕುಂತಿದ್ದ. ಊರಿಗೆ ಒಯ್ಯೂ ಕಾಗದ ತೋರಿಸಿದ ಮ್ಯಾಲನ ಕೊಟ್ಟರು. ಮುಚ್ಚಳ ಬಿಗಿ ಹಾಕಿದ ಡಬ್ಬಿ, ಮ್ಯಾಲ ಹೆಸರು. ಎತ್ತಿದರೆ ನಮ್ಮ ನೀರಿನ ತಂಬಿಗಿಕಿಂತ ಹಗುರ.

ಮನ್ಯಾಗ ಕಸ್ತೂರಿ ಊಟಕ್ಕ ಮೂರು ತಾಟು ಇಟ್ಟಳು. ಒಂದನ್ನ ತಿರುಗಿ ಒಳಗ ಇಟ್ಟಳು. ನಾನು ನೋಡಿದ್ದು ಆಕಿಗೆ ಗೊತ್ತಾತು.

ಗಾಜಿನ ದವಾಖಾನಿ

ಮರುದಿನ ನನ್ನನ್ನ ಕೆಲಸದ ಜಾಗಾಕ್ಕ ಕರಕೊಂಡು ಹೋದಳು. ಹಿಂದಿನ ಬಾಗಲಾ, ಉದ್ದನ ಖೋಲಿ, ದವಾಖಾನಿಯಂಗ ಬಿಳೇದು. ಮೇಜಿನ ಮ್ಯಾಲ ಒಂದು ತಾಟಿನ್ಯಾಗ ಉಸುಕು, ಉಸುಕಿನ್ಯಾಗ ಒಂದು ಬಾಟ್ಲಿ ಅರ್ಧಾ ನಿಂತಿತ್ತು. ಉಳಿದರ್ಧ ಚೂರು ಮಗ್ಗಲದಾಗ. ಸಣ್ಣಸಣ್ಣ ಪಟ್ಟಿ ಹಚ್ಚಿ ಹಿಡಿಸಿದ್ದರು, ತಲಿ ಒಡಕೊಂಡ ಕೂಸಿಗೆ ಕಟ್ಟಿದಂಗ.

ಗಾಜಿನ ಮ್ಯಾಲ ನವಿಲಿನ ಗರಿಯಂಥ ಬಣ್ಣ ಹೊಳೀತಿತ್ತು. "ಛಂದ ಬಣ್ಣಾ ಹಚ್ಯಾರ" ಅಂದೆ.

"ಬಣ್ಣಾ ಅಲ್ಲ ಯವ್ವಾ, ಅದು ರೋಗ. ಮಣ್ಣಾಗ ಇದ್ದು ಇದ್ದು ಗಾಜಿನ ಮ್ಯಾಗಿನ ತೊಗಲು ಕೆಟ್ಟೈತಿ. ಮುಟ್ಟಿದ್ರ ಉದರತೈತಿ."

"ಎಲ್ಲಿ ಸಿಕ್ಕಿತು?"

"ಗೋರ್ಯಾಗ. ಸತ್ತವರ ಜೋಡಿ ಇಡತಿದ್ರು, ಸುಗಂಧದ ಎಣ್ಣಿ ತುಂಬಿ."

ನಾನು ಸೆರಗು ಎಳಕೊಂಡು ಹಿಂದ ಸರದೆ. "ದಿನಾ ಹೆಣದ ಸಾಮಾನು ಮುಟ್ಟತೀ. ಮನಿಗೆ ಬಂದು ಮೈ ತೊಳಕೋತಿ ಇಲ್ಲೋ?"

"ರಬ್ಬರಿನ ಕೈಚೀಲಾ ಹಾಕ್ಕೋತೇನಿ."

"ಸೂತಕ ಕೈಚೀಲಾ ಕೇಳತೈತೇನ?"

ಆಕಿಯ ಮ್ಯಾಲಿನ ಸಾಹೇಬಿಣಿ, ಹೆಲ್ಗಾ ಅಂತ, ನನ್ನ ವಾರಗಿಯಾಕಿ, ಏನಂದ್ಲು ಏನಂದ್ಲು ಅಂತ ಕೇಳಿದಳು. ಕಸ್ತೂರಿ ಹೇಳಿದಳು. ಹೆಲ್ಗಾ ನಗಲಿಲ್ಲ. ನನಗ ಹಾಲಿಲ್ಲದ ಕಾಫಿ ಕೊಟ್ಟು ಆ ಬಾಟ್ಲಿಯ ಕತಿ ಹೇಳಿದಳು, ಕಸ್ತೂರಿ ಕನ್ನಡದಾಗ ತಿರುಗಿಸಿದಳು. ಭಾಳ ಹಿಂದ ಯಾರೋ ಅದನ್ನ ಒಮ್ಮೆ ಕೂಡಿಸಿದ್ದರಂತ, ಗಾಜಿಗಿಂತ ಗಟ್ಟಿ ಅಂಟು ಹಚ್ಚಿ. ಮುಂದ ಒಂದಿನ ಪೆಟ್ಟು ಬಿತ್ತು. ಕೂಡಿಸಿದ ಜಾಗಾ ಹಂಗ ಉಳೀತು, ಮಗ್ಗಲದ ಛಲೋ ಗಾಜು ಒಡೀತು.

"ಅದಕ್ಕ ಈಗ ನಾವು ಗಾಜಿಗಿಂತ ಮೆತ್ತನ ಅಂಟು ಹಚ್ಚತೇವಿ" ಅಂದಳು ಕಸ್ತೂರಿ. "ಮತ್ತ ಪೆಟ್ಟು ಬಿದ್ರ ಹಳೇ ಜಾಗಾದಾಗ ಬಿಡಬೇಕು. ಹೊಸಾ ಗಾಯ ಆಗಬಾರದು."

"ಮತ್ತ ಒಡಿಯೂದು ಖರೆ ಅಂದ್ರ ಯಾಕ ಕೂಡಸ್ತೀರಿ?"

ಆ ಪ್ರಶ್ನಾ ಆಕಿ ಹೆಲ್ಗಾಗ ಹೇಳಲಿಲ್ಲ. ಒಂದು ಚೂರು ಚಿಮಟಿಗೀಲೆ ಹಿಡದು, ಅದರ ಜಾಗಾ ಹುಡಕಾಕ ಕುಂತಳು. ಇದಕ್ಕ ಇಟ್ಟಳು, ಕೂಡಲಿಲ್ಲ. ಅದಕ್ಕ ಇಟ್ಟಳು, ಕೂಡಲಿಲ್ಲ. ನನ್ನ ಕಾಫಿ ಆರಿ ಹೋತು. ಕೂಡದ ಚೂರನ್ನ ತಿರುಗಿ ಇಟ್ಟು ಮತ್ತೊಂದು ತೊಗೊಂಡಳು. ಮಗಳ ಕೈ ಇಷ್ಟು ತಣ್ಣಗ ಇರೂದು ನನಗ ಹೆದರಿಕಿ ತಂತು. ಅದು ನನ್ನ ಕೈ. ನಾನೂ ಇಷ್ಟು ತಣ್ಣಗ ಇರತಿದ್ದೆ, ಬಡಿಯೂ ಮುಂದ.

ಶನಿವಾರ

"ಬಳಿ ಕೊಂಡು ತರೂಣು ಬಾ" ಅಂದಳು ಕಸ್ತೂರಿ.

"ಯಾಕ?"

"ತಂದದ್ದು ಒಡದಾವಲ್ಲ. ನಾಳೆ ಐತವಾರ. ನಾಳೆ ಒಡಿ."

"ನೀ ಒಲ್ಲೆ ಅಂತೀ ಅಂದುಕೊಂಡಿದ್ನಿ ನಾ" ಅಂದೆ.

"ನಮ್ಮತ್ತಿಗಾಗಿ ಅಲ್ಲ ಯವ್ವಾ. ಆಂವನ್ನ ಸುಡೂ ದಿನ ಒಂದು ಖೋಲಿಯಾಗ ಕುರ್ಚಿ ಹಾಕಿದ್ರು" ಅಂದಳು. "ಸಂಗೀತಾ ಹಚ್ಚಿದ್ರು. ಪರದೆ ಸರೀತು, ಆಂವ ಒಳಗ ಹೋದ. ಆಮ್ಯಾಲ ಎಲ್ಲಾರಿಗೂ ಕಾಫಿ, ಕೇಕು. ಒಬ್ಬೊಬ್ಬರ ಬಂದು ಕೈ ಹಿಡದು ಹೋದ್ರು. ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಮುಂದಿನ ವಾರ ಕೆಲಸಕ್ಕ ಹೋದ್ನಿ. ಇನ್ನೂ ತಾಟು ಇಡತೇನಿ, ನೋಡಿದಿಯಲ್ಲ. ಆಂವ ಸತ್ತಾನಂತ ಈ ಕೈಗೆ ಯಾರೂ ಹೇಳಿಲ್ಲ. ನೀ ಹೇಳು."

ಎರಡು ರೈಲು ಬದಲಿ ಮಾಡಿ ನಮ್ಮ ದೇಶದ ಸಾಮಾನು ಮಾರೂ ಅಂಗಡಿಗೆ ಹೋದ್ವಿ. ಅಂಗಡಿಯಾಂವ ಪಂಜಾಬದಾಂವ. ಬಳಿ ಇದ್ದುವು, ಎಲ್ಲಾ ಪ್ಲಾಸ್ಟಿಕ್. ಗಾಜಿನವು ಕೇಳಿದರೆ, "ಮಾತಾಜೀ, ಇವು ಜನ್ಮಪೂರ್ತಿ ಒಡಿಯೂದಿಲ್ಲ" ಅಂತ ಹಿಂದಿಯೊಳಗ ಹೆಮ್ಮಿಲೆ ಅಂದ.

"ಗಂಡ ಸತ್ರ ಏನ ಮಾಡತಾರಂತ ಕೇಳು" ಅಂದೆ. ಕಸ್ತೂರಿ ಕೇಳಲಿಲ್ಲ.

ಮನಿಗೆ ಬಂದು ಆ ಪಾಕೀಟು ಬಿಳೇ ಅರಿವಿಮ್ಯಾಲ ಸುರುವಿದಳು. ರೊಟ್ಟಿಯ ಹಿಟ್ಟು, ಎಳ್ಳು ಎಲ್ಲಾ ಹತ್ತಿದ್ದುವು. ಒಂದೊಂದು ಚೂರು ಹತ್ತಿಯ ಅರಳಿಲೆ ಒರಸಿ ಬ್ಯಾರೆ ಮಾಡಿದಳು. ಇಡಿಯಾಗಿ ಉಳದವು ಸ್ವಲ್ಪ ಇದ್ದುವು. ಕೈ ತುಂಬೂ ಅಷ್ಟು ಇರಲಿಲ್ಲ. ಉಳದವನ್ನ ಕೂಡಸಾಕ ಕುಂತಳು.

"ಹುಚ್ಚು ಹಿಡದೈತೇನ ನಿನಗ?" ಅಂದೆ. "ಕೂಡಿಸಿ ಒಡಿಯೂದು ಎಲ್ಲೈತಿ?"

"ತುಂಬಿದ ಕೈ ಬೇಕು ಅಂದಾಕಿ ನೀನ."

"ಆ ದೊಡ್ಡ ಸಾಲಿ ಕಲಿತದ್ದು ಇದಕ್ಕೇನ?"

"ಅದೂ ಇದೂ ಒಂದ ಯವ್ವಾ. ಆ ಚೂರು ಕೊಡು. ಅದಲ್ಲ, ಚುಕ್ಕಿ ಇರೂದು."

ಕೊಟ್ಟೆ. ಬ್ಯಾರೆ ಏನ ಮಾಡಲಿ? ಮಧ್ಯಾಹ್ನ ಪೂರ್ತಿ ಚೂರು ಹುಡುಕಿ ಹುಡುಕಿ ಕೊಟ್ಟೆ. ಅರ್ಧಾ ಬಳಿ ಹಿಂಗ ಬಿತ್ತು, ಅರ್ಧಾ ಹಂಗ. ಒಂದಕ್ಕ ಒಂದು ತುದಿ ಹೊಂದಿ ಕುಂತಾಗ ಇಬ್ಬರಿಗೂ ಸಮಾಧಾನ ಆಗತಿತ್ತು. ಅದು ಖರೆ. ಯಾಕ ಕೂಡಸಾಕತ್ತೇವಿ ಅನ್ನೂದು ಆ ಹೊತ್ತಿಗೆ ಮರತು ಹೋಗತಿತ್ತು.

ಐತವಾರ

ಕುಂಕುಮ ನಾನೇ ಹಚ್ಚಿದೆ. ಹೂವು ಕಿಡಕಿಯ ಕುಂಡ್ಯಾಗಿಂದು, ವಾಸನಿ ಇರಲಿಲ್ಲ. ಬಳಿ ಇಡಸೂ ಮುಂದ ಕಸ್ತೂರಿ ಬೆರಳು ಕೂಡಿಸಿ ಕೈ ಸಣ್ಣದು ಮಾಡಿದಳು, ಕೂಡಿಸಿದವು ಬಿಡಬಾರದಂತ. ಒಂದೂ ಬಿಡಲಿಲ್ಲ. ಕೈ ತುಂಬಿತು. ದೂರಿಂದ ನೋಡಿದರೆ ಯಾವದು ಇಡೀದು, ಯಾವದು ಕೂಡಿಸಿದ್ದು ಅಂತ ತಿಳೀತಿರಲಿಲ್ಲ.

ಅರಿವಿ ಮಡಿಚಿ ಇಟ್ಟು, ಅದರ ಮ್ಯಾಲ ಆಕಿಯ ಕೈ ಇಟ್ಟೆ. ಹಿಡದೆ.

ಮುಂದ ಏನು ಮಾಡಬೇಕು ಅನ್ನೂದು ಮರತು ಹೋದಂಗ ಆತು.

"ಯವ್ವಾ" ಅಂದಳು ಕಸ್ತೂರಿ. "ಬಡಿ."

ಬಡದೆ.

ಇಡೀ ಬಳಿ ಠಳ್ಳಂತ ಒಡದು ಆಕಿಯ ಚರ್ಮಕ್ಕ ನಟ್ಟುವು. ಕೂಡಿಸಿದವು ಸಪ್ಪಳ ಮಾಡಲಿಲ್ಲ. ಹಳೇ ಸೀಳಿನ್ಯಾಗನ ಗಪ್ಪನ ಬಿಟ್ಟುವು, ಆಕಿ ಹೇಳಿದಂಗ. ಅವುಗಳಿಂದ ಒಂದು ಹನಿ ರಕ್ತಾನೂ ಬರಲಿಲ್ಲ. ರಕ್ತ ಬಂದದ್ದೆಲ್ಲಾ ಛಲೋ ಬಳಿಯಿಂದ.

ಆಕಿ ಕೈ ಎಳಕೊಳ್ಳಲಿಲ್ಲ. ಎರಡನೇ ಕೈ ತಾನೇ ಮುಂದ ಮಾಡಿದಳು. ಅದೂ ಆತು. ಆಮ್ಯಾಲ ಆಕಿಯ ಹೊಟ್ಟಿಯೊಳಗಿಂದ ಒಂದು ದನಿ ಬಂತು, ಹೆರಗಿ ಹೊತ್ತಿನ್ಯಾಗ ಬರತೈತಲ್ಲ ಅಂಥಾದ್ದು. ನಾನೂ ದನಿ ತೆಗದೆ. ಯಾರ ಮನ್ಯಾಗೂ ಅಳದಾಕಿ ನಾನು, ಅಳಿಯನ ಹೆಸರು ಹಿಡದು ಹಾಡ್ಯಾಡಿಕೊಂಡು ಅತ್ತೆ.

ಬಾಗಲಾ ಬಡದ ಸಪ್ಪಳ ಆತು. ಕೆಳಗಿನ ಮನಿಯ ಮುದುಕ. ಕಸ್ತೂರಿ ಹಂಗ ಎದ್ದು ತೆಗದಳು, ಹಣಿಮ್ಯಾಲ ಕುಂಕುಮ ಕಲಸಿತ್ತು, ಕೈಯಿಂದ ರಕ್ತ ಸೋರತಿತ್ತು. ಆಂವ ಒಂದು ಮಾತು ಅಂದು ನಿಲ್ಲಿಸಿದ. ನೆಲದ ಮ್ಯಾಲಿನ ಹಸಿರು ಚೂರು ನೋಡಿದ, ಮೇಜಿನ ಮ್ಯಾಲಿನ ಡಬ್ಬಿ ನೋಡಿದ, ಅದರ ಮ್ಯಾಲಿನ ಹೆಸರು ಓದಿದ. ಟೊಪಗಿ ತೆಗದು ಕೈಯಾಗ ಹಿಡಕೊಂಡು ಕೆಳಗ ಇಳದು ಹೋದ.

"ಏನಂದ?" ಅಂದೆ.

"ಇವತ್ತ ಐತವಾರ ಅಂದ."

ಅವತ್ತು ಉಣ್ಣೂ ಹೊತ್ತಿಗೆ ಆಕಿ ಎರಡ ತಾಟು ಇಟ್ಟಳು.

ನನ್ನ ಜೋಡಿ ಬಾ ಅಂತ ಕರದೆ. "ಆ ಬಾಟ್ಲಿ ಅರ್ಧಾ ಆಗೈತಿ" ಅಂದಳು. ಎರಡನೇ ಸಲ ಕರೀಲಿಲ್ಲ.

ಚಿಕ್ಕಪಡಸಲಗಿ

ಬೂದಿ ತೊಗೊಂಡು ಊರಿಗೆ ಬಂದೆ. ಜಮಖಂಡಿ ಮಗ್ಗಲದ ಈ ಊರಿನ ಬ್ಯಾರೇಜಿನ ಹತ್ತಿರ ಕೃಷ್ಣಾದಾಗ ನೀರು ಇದ್ದುವು. ತುಳಸವ್ವ ಜೀಪಿನ್ಯಾಗ ಬಂದಿದ್ದಳು. ಡಬ್ಬಿಯ ಮುಚ್ಚಳ ಬಾಯಿ ಬಿಡಲಿಲ್ಲ, ಡ್ರೈವರ್ ಪಾನಾ ಹಾಕಿ ತೆಗದ. ಮಗನ ಬೂದಿ ತಾಯಿನೇ ಬಿಟ್ಟಳು. ಗಾಳಿಗೆ ಅರ್ಧಾ ಆಕಿಯ ಸೀರಿಗೆ ಹತ್ತಿತು, ಜಾಡಿಸಲಿಲ್ಲ.

ಆಮ್ಯಾಲ ಚೂರಿನ ಗಂಟು ಬಿಚ್ಚಿದಳು. ಒಣಗಿದ ರಕ್ತ ಕಂಡಳು. ಒಂದು ಚೂರು ಬೆರಳಿಲೆ ಎತ್ತಿ, ಬಿಸಲಿಗೆ ಹಿಡದಳು. ವಿಮಾನ ನಿಲ್ದಾಣದಾಗ ಆಂವ ಹಿಡದಂಗನ.

"ತುದಿಗೆ ಏನಿದು ಹೊಳೀತೈತಿ?"

"ಅಂಟು" ಅಂದೆ. "ದಾರ್ಯಾಗ ಒಡದಿದ್ವು. ಆಕಿ ಕೂಡಿಸಿ ಇಟ್ಟುಕೊಂಡ್ಲು. ಮತ್ತ ಒಡದ್ನಿ."

ತುಳಸವ್ವ ಚೂರು ತಿರುವಿ ಮುರುವಿ ನೋಡಿದಳು.

"ಕೂಡಿಸಿದ್ದನ್ನ ಮತ್ತ ಒಡದೀ?"

"ಹೂಂ."

ಆಕಿ ತನ್ನ ಮಣಿಕಟ್ಟಿನ ಗೆರಿ ಹೆಬ್ಬೆರಳಿಲೆ ಒರಸಿಕೊಂಡಳು. "ನಂದು ಒಂದ ಸಲದ್ದ ಇನ್ನೂ ಮಾಯ್ದಿಲ್ಲ" ಅಂದಳು. ಗಂಟು ನೀರಿಗೆ ಬಿಟ್ಟಳು. ಬೂದಿ ತೇಲಿತ್ತು, ಗಾಜು ತೇಲಲಿಲ್ಲ.

ವಾಪಸ್ ಬಂದು ಮೈ ತೊಳಕೊಂಡು ಕಟ್ಟಿಮ್ಯಾಲ ಕುಂತಿದ್ದೆ. ರಬಕವಿಯಿಂದ ಇಬ್ಬರು ಗಂಡಸರು ಮೋಟರ್‌ಸೈಕಲ್ ಮ್ಯಾಲ ಬಂದರು. ಅವರ ಓಣ್ಯಾಗ ಒಬ್ಬಾಂವ ಮುಂಜಾನೆ ತೀರಿಕೊಂಡಿದ್ದ, ಹೆಂಡತಿ ಸಣ್ಣಾಕಿ. "ಬರ್ರಿ ಅಕ್ಕಾರ, ಎಲ್ಲಾರೂ ನಿಮ್ಮ ದಾರಿ ಕಾಯಾಕತ್ತಾರ" ಅಂದರು.

ಮಣಕಾಲು ನೋಯಾಕತ್ತಾವು, ಬರಾಕ ಆಗೂದಿಲ್ಲ ಅಂತ ಹೇಳಿ ಕಳಿಸಿದೆ. ಅವರು ಓಣಿಯ ತಿರುವು ದಾಟಿದ ಮ್ಯಾಲ ಎದ್ದು ನೀರಿಗೆ ಹೋದೆ. ತುಂಬಿದ ಕೊಡಾ ಹೊತ್ತುಕೊಂಡು ಬಂದೆ.